ಕಾಡಿನಿಂದ ಬಂದ ಮೇಲೆ ಮೈಯಲ್ಲಿ ಉಣ್ಣೆ ಹುಡುಕುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡು ಮತ್ತು ಕರಾವಳಿಯ ಕಾಡಂಚಿನಲ್ಲಿ ಬದುಕುವವರಿಗೆ, ಅಲ್ಲಿಗೆ ಚಾರಣಕ್ಕೋ ನೆಂಟರ ಮನೆಗೋ ಬರುವವರಿಗೆ ಉಣ್ಣೆಯ (ಉಣುಗಿನ) ವಿಷಯದಲ್ಲಿ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಜ್ವರ ಬಂದವರು ಇದನ್ನು ಓದುತ್ತಾ ಕೂರದೆ ಮೊದಲು ಆಸ್ಪತ್ರೆಗೆ ಹೋಗಬೇಕು.

ಒಂದು ಉಣ್ಣೆ ಕಚ್ಚಿದರೆ ಇಷ್ಟೊಂದು ಚಿಂತೆ ಮಾಡಬೇಕೇ? ನಮ್ಮ ಹಿರಿಯರು ಕಾಡಿನಲ್ಲೇ ಬದುಕಿದವರಲ್ಲವೇ?

ಕಚ್ಚಿದ ಪ್ರತಿಯೊಂದು ಉಣ್ಣೆಯೂ ರೋಗ ತರುವುದಿಲ್ಲ ಎಂಬುದು ನಿಜ. ಆದರೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಹಳ್ಳಿಗಳ ಜನರೂ ಜ್ವರದಿಂದ ಮಲಗಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರು ಅದಕ್ಕೆ ಕಾರಣವಾದ ವೈರಸ್ಸನ್ನು ಗುರುತಿಸಿದರು. ಅದು ಉಣ್ಣೆಯ ಮೂಲಕ ಹರಡುತ್ತದೆ ಎಂಬುದು ಅಂದಿನಿಂದಲೂ ತಿಳಿದಿರುವ ಸಂಗತಿ. ಕ್ಯಾಸನೂರು ಕಾಡಿನ ಕಾಯಿಲೆ, ಕೆಎಫ್‌ಡಿ, ಮಂಗನ ಕಾಯಿಲೆ ಎಂದೆಲ್ಲ ಕರೆಯುವ ಈ ರೋಗ ತಗುಲಿದ ನೂರು ಜನರಲ್ಲಿ ಸುಮಾರು ಮೂರರಿಂದ ಐದು ಜನ ಸಾಯುತ್ತಾರೆ. ಬದುಕಿ ಉಳಿದವರಲ್ಲಿ ಅನೇಕರಿಗೆ ವಾರಗಟ್ಟಲೆ ಕೂಲಿಗೆ ಹೋಗುವ ಶಕ್ತಿಯೂ ಇರುವುದಿಲ್ಲ.

ರೋಗ ಬಹುಕಾಲ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಸುತ್ತಲೇ ಕಾಣಿಸಿಕೊಳ್ಳುತ್ತಿತ್ತು. 2012ರಿಂದ ಈಚೆಗೆ ಬಂಡೀಪುರ, ಕೇರಳದ ವಯನಾಡು, ತಮಿಳುನಾಡಿನ ನೀಲಗಿರಿ, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಕಂಡುಬಂದಿದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತಲ ಜನ ಪಟ್ಟ ಪಾಡು ಮಲೆನಾಡಿಗರಿಗೆ ಇನ್ನೂ ನೆನಪಿದೆ. ಹೀಗಿರುವಾಗ ಸಂಜೆಯ ಹತ್ತು ನಿಮಿಷದ ತಪಾಸಣೆಯನ್ನು ಅತಿಯಾದ ಎಚ್ಚರಿಕೆ ಎನ್ನಲಾಗದು.

ವರ್ಷವಿಡೀ ಹುಡುಕಬೇಕೇ, ಅಥವಾ ಬೇಸಿಗೆಯಲ್ಲಿ ಮಾತ್ರ ಸಾಕೇ?

ನವೆಂಬರಿನಿಂದ ಮೇ ತಿಂಗಳವರೆಗೆ ಒಂದು ದಿನವೂ ತಪ್ಪಿಸಬಾರದು. ಮಳೆ ನಿಂತ ಮೇಲೆ ಮೊಟ್ಟೆಯೊಡೆದು ಬಂದ ಮರಿಗಳು ಚಳಿಗಾಲದ ಹೊತ್ತಿಗೆ ಮುಂದಿನ ಹಂತಕ್ಕೆ, ಅಂದರೆ ‘ನಿಂಫ್’ ಎಂದು ಕರೆಯುವ ಎಳೆಯ ಉಣ್ಣೆಯ ಹಂತಕ್ಕೆ ಬರುತ್ತವೆ. ಮನುಷ್ಯರಿಗೆ ಕಾಯಿಲೆ ದಾಟಿಸುವುದರಲ್ಲಿ ಇವುಗಳದೇ ಮುಖ್ಯ ಪಾತ್ರ. ಅಡಿಕೆ ಕೊಯ್ಲು, ಸೊಪ್ಪು ಕಡಿಯುವುದು, ದರಗು (ಒಣ ತರಗೆಲೆ) ಗುಡಿಸುವುದು, ಸೌದೆ ಹೊರುವುದು ಎಲ್ಲವೂ ಬರುವುದು ಇದೇ ತಿಂಗಳುಗಳಲ್ಲಿ. ಕೆಲಸ ಬಿಟ್ಟು ಮನೆಯಲ್ಲಿ ಕೂರಿ ಎಂದು ಯಾರೂ ಹೇಳಲಾಗುವುದಿಲ್ಲ. ಆದ್ದರಿಂದಲೇ ಕೆಲಸ ಮುಗಿಸಿ ಬಂದ ಮೇಲಿನ ತಪಾಸಣೆಗೆ ಇಷ್ಟು ಮಹತ್ವ.

ಮೈಮೇಲಿನ ಉಣ್ಣೆಯನ್ನು ಗುರುತಿಸುವುದು ಹೇಗೆ?

ದನದ ಕಿವಿಯಲ್ಲಿ ರಕ್ತ ಕುಡಿದು ಉಬ್ಬಿದ ಬೂದುಬಣ್ಣದ ಉಣ್ಣೆಯನ್ನು ಎಲ್ಲರೂ ಬಲ್ಲರು. ಮೈಯಲ್ಲಿ ಅಂಥದ್ದನ್ನೇ ಹುಡುಕಹೊರಟವರಿಗೆ ಏನೂ ಸಿಗುವುದಿಲ್ಲ, ಏಕೆಂದರೆ ಹಸಿದ ನಿಂಫ್ ಹೆಚ್ಚುಕಡಿಮೆ ಗಸಗಸೆ ಕಾಳಿನಷ್ಟೇ ಇರುತ್ತದೆ. ಕಂದು ಬಣ್ಣ, ಚಪ್ಪಟೆ ಮೈ, ಎಂಟು ಕಾಲು. ಮೊಟ್ಟೆಯಿಂದ ಈಗಷ್ಟೇ ಬಂದ ಮರಿಗೆ ಆರೇ ಕಾಲು, ಗಾತ್ರ ಇನ್ನೂ ಚಿಕ್ಕದು. ಕಚ್ಚಿಕೊಂಡು ಕೂತ ನಿಂಫ್ ಮೊದಲ ನೋಟಕ್ಕೆ ಮಚ್ಚೆಯಂತೆ, ಒಣಗಿದ ಗಾಯದ ಹಕ್ಕಳೆಯ ಚೂರಿನಂತೆ ಅಥವಾ ಅಂಟಿಕೊಂಡ ಮಣ್ಣಿನ ಕಣದಂತೆ ಕಾಣುತ್ತದೆ.

ಮಣ್ಣಿನ ಕಣವನ್ನು ಬೆರಳಿನಿಂದ ಒರೆಸಿದರೆ ಹೋಗುತ್ತದೆ, ಉಣ್ಣೆ ಹೋಗುವುದಿಲ್ಲ. ಬೆಳಗ್ಗೆ ಇಲ್ಲದಿದ್ದ ಮಚ್ಚೆ ಸಂಜೆ ಕಂಡರೆ ಅನುಮಾನಿಸಬೇಕು. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು, ಭೂತಗನ್ನಡಿಯಿಂದಲೋ ಮೊಬೈಲ್ ಕ್ಯಾಮೆರಾವನ್ನು ದೊಡ್ಡದು ಮಾಡಿಯೋ ನೋಡಿದರೆ ಚರ್ಮಕ್ಕೆ ಒತ್ತಿದ ತಲೆಯ ಅಕ್ಕಪಕ್ಕದಲ್ಲಿ ಕೂದಲೆಳೆಯಂಥ ಕಾಲುಗಳು ಮೆಲ್ಲಗೆ ಆಡುವುದು ಕಾಣುತ್ತದೆ.

ಕಚ್ಚಿದರೆ ಉರಿ ಅಥವಾ ತುರಿಕೆಯಿಂದ ಗೊತ್ತಾಗುವುದಿಲ್ಲವೇ?

ಅದನ್ನು ನಂಬಿ ಕೂರುವಂತಿಲ್ಲ. ಉಣ್ಣೆಯ ಜೊಲ್ಲಿನಲ್ಲಿ ನೋವು ತಿಳಿಯದಂತೆ ಮಾಡುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶಗಳಿವೆ. ದಿನಗಟ್ಟಲೆ ಒಂದೇ ಕಡೆ ಕಚ್ಚಿಕೊಂಡು ರಕ್ತ ಹೀರಬೇಕಾದ ಜೀವಿಗೆ ಅದು ಅಗತ್ಯ. ತುರಿಕೆ ಶುರುವಾಗುವ ಹೊತ್ತಿಗೆ ಅದು ಹೊಟ್ಟೆ ತುಂಬಿಸಿಕೊಂಡು ಉದುರಿ ಹೋಗಿರಲೂಬಹುದು.

ಉಣ್ಣೆ ಮರದಿಂದ ಮೈಮೇಲೆ ಬೀಳುತ್ತದೆಯೇ?

ಉಣ್ಣೆಗೆ ಹಾರಲು ಬಾರದು, ಜಿಗಿಯಲೂ ಬಾರದು. ಹುಲ್ಲಿನ ತುದಿ, ತಗ್ಗಾದ ಪೊದೆ, ನೆಲದ ತರಗೆಲೆಗಳ ಮೇಲೆ ಮುಂದಿನ ಕಾಲುಗಳನ್ನು ಚಾಚಿ ಕಾಯುತ್ತಿರುತ್ತದೆ. ಆ ಕಾಲುಗಳಲ್ಲಿರುವ ಅಂಗವೊಂದು ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡನ್ನೂ ಮೈಬಿಸಿಯನ್ನೂ ಗ್ರಹಿಸುತ್ತದೆ. ಪಕ್ಕದಲ್ಲಿ ಹಾದುಹೋದವರ ಕಾಲಿಗೋ ಪಂಚೆಯ ಅಂಚಿಗೋ ಅದು ಅಂಟಿಕೊಂಡು ಮೇಲಕ್ಕೆ ಹತ್ತುತ್ತದೆ. ತಲೆಯಲ್ಲಿ ಸಿಕ್ಕ ಉಣ್ಣೆಯೂ ಸಾಮಾನ್ಯವಾಗಿ ಕೆಳಗಿನಿಂದಲೇ ಹತ್ತಿ ಬಂದಿರುತ್ತದೆ, ಇಲ್ಲವೇ ತಲೆಯ ಮೇಲೆ ಹೊತ್ತ ಸೊಪ್ಪಿನ ಹೊರೆಯಿಂದ ಬಂದಿರುತ್ತದೆ. ನೆಲದ ಮೇಲೆ ಕೂರುವವರಿಗೆ, ಮಲಗುವವರಿಗೆ ಅಪಾಯ ಹೆಚ್ಚು. ಊಟದ ಬಿಡುವಿನಲ್ಲಿ ಮರದ ಬುಡದ ತರಗೆಲೆಗಳ ಮೇಲೆ ಒರಗುವ ಅಭ್ಯಾಸವನ್ನು ಈ ತಿಂಗಳುಗಳಲ್ಲಾದರೂ ಬಿಡಬೇಕು.

ಮನೆಗೆ ಬಂದ ತಕ್ಷಣ ಮೊದಲು ಏನು ಮಾಡಬೇಕು?

ಕಾಡಿಗೆ ಹಾಕಿಕೊಂಡು ಹೋದ ಬಟ್ಟೆಯಲ್ಲೇ ಜಗಲಿಯ ಮೇಲೆ ಅಥವಾ ಹಾಸಿಗೆಯ ಮೇಲೆ ಕೂರಬಾರದು. ಬಟ್ಟೆಯನ್ನು ಹೊರಗೇ ಅಥವಾ ಬಚ್ಚಲಲ್ಲೇ ಬಿಚ್ಚಿ, ನೇರವಾಗಿ ಬಿಸಿನೀರಿನ ಬಕೆಟ್ಟಿಗೆ ಹಾಕಬೇಕು. ತಣ್ಣೀರಿನಲ್ಲಿ ನೆನೆಸಿದರೆ, ಸೋಪಿನ ಪುಡಿ ಹಾಕಿದರೂ, ಉಣ್ಣೆ ಬದುಕಿ ಉಳಿಯಬಲ್ಲದು. ಹಂಡೆಯ ಕುದಿಯುವ ನೀರು ಮಲೆನಾಡಿನ ಬಹುತೇಕ ಮನೆಗಳಲ್ಲಿ ಸಂಜೆ ಹೇಗೂ ಸಿದ್ಧವಾಗಿರುತ್ತದೆ. ಅದನ್ನೇ ಬಟ್ಟೆಯ ಮೇಲೆ ಸುರಿಯಬಹುದು. ಬಿಸಿನೀರಿಗೆ ಹಾಕಲಾಗದ ಕಂಬಳಿ, ಚೀಲ, ಬೂಟುಗಳನ್ನು ಮನೆಯೊಳಗೆ ತರದೆ ಕೊಡವಿ, ಸುಡುಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು.

ನಂತರ ಸೋಪು ಹಚ್ಚಿ, ಮೈಯನ್ನು ಚೆನ್ನಾಗಿ ಉಜ್ಜಿ ಬಿಸಿನೀರಿನ ಸ್ನಾನ ಮಾಡಬೇಕು. ಬಂದ ಎರಡು ಗಂಟೆಯೊಳಗೆ ಮಾಡಿದರೆ, ಇನ್ನೂ ಕಚ್ಚಿಕೊಳ್ಳದೆ ಜಾಗ ಹುಡುಕುತ್ತಾ ಓಡಾಡುತ್ತಿರುವ ಉಣ್ಣೆಗಳು ತೊಳೆದು ಹೋಗುತ್ತವೆ. ಕಚ್ಚಿಕೊಂಡವು ಮಾತ್ರ ಸ್ನಾನದಿಂದ ಹೋಗುವುದಿಲ್ಲ. ಸ್ನಾನವಾಯಿತಲ್ಲ ಎಂದು ತಪಾಸಣೆಯನ್ನು ಬಿಡುವವರೇ ಹೆಚ್ಚು, ಅಲ್ಲಿಯೇ ಉಣ್ಣೆ ಉಳಿದುಬಿಡುವುದು.

ಮೈಯ ಯಾವ ಯಾವ ಭಾಗಗಳನ್ನು ನೋಡಬೇಕು?

ಉಣ್ಣೆ ಬೆಚ್ಚಗಿರುವ, ತೇವವಿರುವ, ಚರ್ಮ ತೆಳುವಾಗಿರುವ ಜಾಗಗಳನ್ನು ಹುಡುಕುತ್ತದೆ. ಬಟ್ಟೆ ಬಿಗಿಯಾಗಿ ಅಡ್ಡ ಬಂದ ಕಡೆ ನಿಂತು ಅಲ್ಲೇ ಕಚ್ಚುತ್ತದೆ. ಇದು ಹತ್ತಿ ಬರುವ ದಾರಿಯಲ್ಲೇ ನೋಡುತ್ತಾ ಹೋಗುವುದು ಒಳ್ಳೆಯದು. ಕಾಲ್ಬೆರಳುಗಳ ಸಂದು, ಕಾಲ್ಚೀಲದ ಪಟ್ಟಿಯ ಗುರುತು ಬಿದ್ದ ಕಡೆ, ಮಂಡಿಯ ಹಿಂಭಾಗದ ಮಡಿಕೆ, ತೊಡೆಸಂದು, ಜನನಾಂಗದ ಸುತ್ತ, ಪೃಷ್ಠದ ಸಂದು. ಸಂಕೋಚಪಟ್ಟು ಬಿಟ್ಟುಬಿಡುವ ಈ ಕೊನೆಯ ಜಾಗಗಳನ್ನು ಉಣ್ಣೆ ಬಿಡುವುದಿಲ್ಲ. ಆಮೇಲೆ ಸೊಂಟ: ಲಾಡಿ, ಬೆಲ್ಟು, ಸೀರೆಯ ನೆರಿಗೆ ಸಿಕ್ಕಿಸಿದ ಕಡೆಗಳಲ್ಲಿ ಬೆರಳಾಡಿಸಬೇಕು. ಉಡಿದಾರ ಕಟ್ಟಿಕೊಂಡವರು ಅದನ್ನು ಎತ್ತಿ ಅದರಡಿಯ ಗೆರೆಯನ್ನು ಪೂರ್ತಿ ನೋಡಬೇಕು. ಹೊಕ್ಕುಳೊಳಗೆ ಟಾರ್ಚ್ ಬಿಡಬೇಕು. ಹೆಂಗಸರು ಸ್ತನದ ಕೆಳಗಿನ ಮಡಿಕೆಯನ್ನೂ ಒಳಉಡುಪಿನ ಪಟ್ಟಿಯ ಜಾಗವನ್ನೂ ನೋಡಿಕೊಳ್ಳಬೇಕು.

ಬಳಿಕ ಕಂಕುಳು, ಕತ್ತಿನ ಮಡಿಕೆ, ಕಿವಿಯ ಹಿಂಭಾಗ ಮತ್ತು ಕಿವಿಯ ಹಾಲೆಯ ಸುರುಳಿಗಳು. ಕೊನೆಯಲ್ಲಿ ತಲೆ. ತಲೆಯಲ್ಲಿ ಕಣ್ಣಿಗಿಂತ ಬೆರಳಿನ ತುದಿ ಹೆಚ್ಚು ಕೆಲಸ ಮಾಡುತ್ತದೆ; ಕೂದಲನ್ನು ಬಿಚ್ಚಿ, ಬೈತಲೆ ತೆಗೆದಂತೆ ಸಾಲು ಸಾಲಾಗಿ ಬಿಡಿಸಿ, ಬುಡದ ಚರ್ಮವನ್ನು ಸವರಬೇಕು. ಸಣ್ಣ ಹಲ್ಲಿನ ಬಾಚಣಿಗೆಯೂ ನೆರವಾಗುತ್ತದೆ. ಬೆನ್ನು ಮತ್ತು ನೆತ್ತಿಯ ಹಿಂಭಾಗವನ್ನು ಸ್ವತಃ ನೋಡಿಕೊಳ್ಳಲಾಗದು, ಮನೆಯಲ್ಲಿ ಒಬ್ಬರ ಬೆನ್ನನ್ನು ಇನ್ನೊಬ್ಬರು ನೋಡುವ ರೂಢಿ ಬೆಳೆಯಬೇಕು. ಒಂಟಿಯಾಗಿರುವವರು ಗೋಡೆಯ ಕನ್ನಡಿಗೆ ಬೆನ್ನು ಮಾಡಿ ಕೈಯಲ್ಲಿ ಇನ್ನೊಂದು ಕನ್ನಡಿ ಹಿಡಿಯಬಹುದು, ಅಥವಾ ಬೆನ್ನಿನ ಫೋಟೊ ತೆಗೆದುಕೊಂಡು ದೊಡ್ಡದು ಮಾಡಿ ನೋಡಬಹುದು. ಮರುದಿನ ಬೆಳಗ್ಗೆ ಇನ್ನೊಮ್ಮೆ ನೋಡಿಕೊಳ್ಳುವುದು ಲೇಸು.

ಮಕ್ಕಳ ವಿಷಯದಲ್ಲಿ ಬೇರೆ ಎಚ್ಚರಿಕೆ ಬೇಕೇ?

ಮಕ್ಕಳು ತಾವಾಗಿ ಹೇಳುವುದಿಲ್ಲ, ಹುಡುಕಿಕೊಳ್ಳುವುದೂ ಇಲ್ಲ. ಗೇರುಹಣ್ಣು, ಕೌಳಿಹಣ್ಣು ಹುಡುಕುತ್ತಾ ಪೊದೆ ಸುತ್ತಿದ ಮಕ್ಕಳಿಗೆ ದೊಡ್ಡವರೇ ಸ್ನಾನ ಮಾಡಿಸಿ, ತಲೆ ಮತ್ತು ಕಿವಿಯ ಹಿಂಭಾಗವನ್ನು ವಿಶೇಷವಾಗಿ ನೋಡಬೇಕು. ಗದರಿಸಿದರೆ ಮುಂದಿನ ಸಲ ಕಾಡಿಗೆ ಹೋಗಿದ್ದನ್ನೇ ಮುಚ್ಚಿಡುತ್ತಾರೆ. ಅಜ್ಜಿ ತಲೆ ನೋಡಿ ಹೇನು ತೆಗೆಯುವಷ್ಟೇ ಸಹಜವಾಗಿ ಇದು ನಡೆಯಲಿ.

ಕಚ್ಚಿಕೊಂಡ ಉಣ್ಣೆ ಸಿಕ್ಕಿತು. ಅದನ್ನು ತೆಗೆಯುವುದು ಹೇಗೆ?

ತುದಿ ಚೂಪಾಗಿರುವ ಚಿಮಟದಿಂದ ಉಣ್ಣೆಯನ್ನು ಚರ್ಮಕ್ಕೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರದಲ್ಲಿ, ಅಂದರೆ ಅದರ ಬಾಯಿಯ ಬಳಿ, ಹಿಡಿಯಬೇಕು. ಹೊಟ್ಟೆಯ ಭಾಗವನ್ನು ಹಿಸುಕಬಾರದು. ತಿರುಚದೆ, ಥಟ್ಟನೆ ಜಗ್ಗದೆ, ಒಂದೇ ಸಮನಾದ ಬಲದಿಂದ ನೇರವಾಗಿ ಮೇಲಕ್ಕೆ ಎಳೆಯಬೇಕು. ಚರ್ಮ ಸ್ವಲ್ಪ ಮೇಲೆದ್ದು ಬರುತ್ತದೆ, ಕೆಲವು ಕ್ಷಣಗಳಲ್ಲಿ ಉಣ್ಣೆ ಬಿಡುತ್ತದೆ. ಚಿಮಟ ಇಲ್ಲದಿದ್ದರೆ ಬೆರಳಿಗೆ ಪ್ಲಾಸ್ಟಿಕ್ ಅಥವಾ ಬಟ್ಟೆ ಸುತ್ತಿಕೊಂಡು ಇದೇ ರೀತಿ ತೆಗೆಯಬಹುದು. ಚಿಮಟ ಹುಡುಕುತ್ತಾ ಗಂಟೆಗಟ್ಟಲೆ ತಡ ಮಾಡುವುದಕ್ಕಿಂತ ಇದು ಮೇಲು. ಆಮೇಲೆ ಕಚ್ಚಿದ ಜಾಗವನ್ನೂ ಕೈಯನ್ನೂ ಸೋಪಿನಿಂದ ತೊಳೆದು ಸ್ಪಿರಿಟ್ ಹಚ್ಚಬೇಕು.

ತೆಗೆದ ಉಣ್ಣೆಯನ್ನು ಉಗುರುಗಳ ನಡುವೆ ಚಟ್ ಎಂದು ಒಡೆಯುವ ಅಭ್ಯಾಸ ಬಹಳ ಕಡೆ ಇದೆ. ಅದನ್ನು ಪೂರ್ತಿ ನಿಲ್ಲಿಸಬೇಕು, ಏಕೆಂದರೆ ಅದರ ಮೈಯೊಳಗಿನ ದ್ರವ ಬೆರಳಿನ ಸಣ್ಣ ಗಾಯಕ್ಕೂ ಕಣ್ಣಿಗೂ ತಾಗಬಹುದು. ಸ್ಪಿರಿಟ್ಟಿನಲ್ಲಿ ಮುಳುಗಿಸಿ, ಇಲ್ಲವೇ ಅಂಟುಪಟ್ಟಿಯಲ್ಲಿ ಬಿಗಿಯಾಗಿ ಸುತ್ತಿ ಎಸೆಯಬೇಕು. ಕಾಲಿನ ಮೇಲೆ ಹತ್ತಾರು ಮರಿಗಳು ಒಟ್ಟಿಗೆ ಹತ್ತಿ, ಇನ್ನೂ ಕಚ್ಚಿರದಿದ್ದರೆ, ಅದೇ ಅಂಟುಪಟ್ಟಿಯನ್ನು ಚರ್ಮಕ್ಕೆ ಒತ್ತಿ ಎಳೆದರೆ ಬಹಳಷ್ಟು ಬಂದುಬಿಡುತ್ತವೆ.

ಸುಣ್ಣ, ಹೊಗೆಸೊಪ್ಪು, ಸೀಮೆಎಣ್ಣೆ ಹಚ್ಚಿದರೆ ತಾನಾಗಿ ಬಿಡುವುದಿಲ್ಲವೇ?

ಮಳೆಗಾಲದಲ್ಲಿ ಕಾಲಿಗೆ ಹತ್ತುವ ಉಂಬಳಕ್ಕೆ (ಜಿಗಣೆಗೆ) ಸುಣ್ಣ ಮತ್ತು ಹೊಗೆಸೊಪ್ಪು ಸವರುವುದು ಮಲೆನಾಡಿನ ಹಳೆಯ ರೂಢಿ. ಅದನ್ನೇ ಉಣ್ಣೆಗೂ ಮಾಡುವುದು ಅಪಾಯಕರ. ಉಂಬಳ ಬೇರೆ ಬಗೆಯ ಜೀವಿ, ಅದರಿಂದ ಈ ಕಾಯಿಲೆ ಬರುವುದಿಲ್ಲ. ಉಣ್ಣೆಯಾದರೋ ಬಾಯಿಯ ಭಾಗವನ್ನು ಚರ್ಮದೊಳಗೆ ನೆಟ್ಟಿರುತ್ತದೆ. ಸುಣ್ಣ, ಸೀಮೆಎಣ್ಣೆ, ವ್ಯಾಸಲೀನ್ ಹಚ್ಚಿದರೆ ಅಥವಾ ಬೀಡಿಯ ಕೆಂಡ ತಾಗಿಸಿದರೆ ಕೂಡಲೇ ಬಿಡದೆ, ಇನ್ನಷ್ಟು ಜೊಲ್ಲನ್ನು ಗಾಯದೊಳಕ್ಕೆ ಸುರಿಸುವ ಸಾಧ್ಯತೆ ಇದೆ. ಕೆಂಡದಿಂದ ಚರ್ಮ ಸುಡುವುದಂತೂ ಖಂಡಿತ.

ಬಾಯಿಯ ತುಣುಕು ಒಳಗೇ ಉಳಿದರೆ?

ಚಿಮಟಕ್ಕೆ ಸುಲಭವಾಗಿ ಸಿಕ್ಕರೆ ತೆಗೆಯಿರಿ, ಸಿಗದಿದ್ದರೆ ಸೂಜಿಯಿಂದ ಕೆದಕದೆ ಬಿಟ್ಟುಬಿಡಿ. ಚರ್ಮ ಅದನ್ನು ತಾನೇ ಹೊರದೂಡುತ್ತದೆ. ಜಾಗ ಕೆಂಪಾಗಿ ಊದಿ ಕೀವು ತುಂಬಿದರೆ ವೈದ್ಯರಿಗೆ ತೋರಿಸಬೇಕು.

24 ಗಂಟೆಯೊಳಗೆ ತೆಗೆದರೆ ರೋಗ ಬರುವುದಿಲ್ಲ ಎಂದು ಓದಿದ್ದೇನೆ. ನಿಜವೇ?

ಅದು ಅಮೆರಿಕ ಮತ್ತು ಯುರೋಪಿನಲ್ಲಿ ಹೆಚ್ಚಾಗಿರುವ ಲೈಮ್ ಕಾಯಿಲೆಗೆ ಸಂಬಂಧಿಸಿದ ಮಾತು. ಅದರ ಬ್ಯಾಕ್ಟೀರಿಯಾ ಉಣ್ಣೆಯ ಕರುಳಿನಿಂದ ಹೊರಟು ನಮ್ಮ ಮೈ ಸೇರಲು ಸಾಮಾನ್ಯವಾಗಿ 24 ಗಂಟೆಗಿಂತ ಹೆಚ್ಚು ಸಮಯ ಹಿಡಿಯುತ್ತದೆ. ಮಂಗನ ಕಾಯಿಲೆಗೆ ಕಾರಣ ಬ್ಯಾಕ್ಟೀರಿಯಾ ಅಲ್ಲ, ವೈರಸ್. ಇದೇ ಕುಟುಂಬಕ್ಕೆ ಸೇರಿದ, ಉಣ್ಣೆಯಿಂದಲೇ ಹರಡುವ ಪೊವಾಸನ್ ವೈರಸ್ ಕಚ್ಚಿದ 15 ನಿಮಿಷಗಳಲ್ಲೇ ದಾಟಬಲ್ಲದೆಂದು ಪ್ರಯೋಗಗಳಲ್ಲಿ ಕಂಡುಬಂದಿದೆ. ಆದ್ದರಿಂದ ನಮ್ಮ ಕಾಡುಗಳಲ್ಲಿ ಓಡಾಡುವವರು ಆ 24 ಗಂಟೆಯ ಲೆಕ್ಕವನ್ನು ಮರೆತುಬಿಡಬೇಕು. ಉಣ್ಣೆ ಕಂಡ ಕ್ಷಣವೇ, ಕಾಡಿನ ನಡುವೆಯಾದರೂ ಸರಿ, ತೆಗೆಯಬೇಕು. ಎರಡು ಮೂರು ಗಂಟೆಗೊಮ್ಮೆ ಕಾಲು, ಸೊಂಟ, ಕತ್ತನ್ನು ನೋಡಿಕೊಳ್ಳಬೇಕು.

ಉಣ್ಣೆ ಕಚ್ಚಿದೆ, ಜ್ವರವಿಲ್ಲ. ಔಷಧಿ ಏನಾದರೂ ತೆಗೆದುಕೊಳ್ಳಬೇಕೇ?

ಬೇಡ. ಕಚ್ಚಿದ ದಿನಾಂಕ, ಕಾಡಿನ ಹೆಸರು, ಮೈಯ ಯಾವ ಭಾಗ ಎಂಬುದನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟು, ಎರಡು ವಾರ ಎಚ್ಚರದಿಂದಿದ್ದರೆ ಸಾಕು.

ಯಾವ ಲಕ್ಷಣ ಕಂಡರೆ ಆಸ್ಪತ್ರೆಗೆ ಹೋಗಬೇಕು?

ಸಾಮಾನ್ಯವಾಗಿ ವೈರಸ್ ಮೈ ಸೇರಿದ ಮೂರರಿಂದ ಎಂಟು ದಿನಗಳಲ್ಲಿ ಇದ್ದಕ್ಕಿದ್ದಂತೆ ಚಳಿ, ವಿಪರೀತ ಜ್ವರ, ಹಣೆ ಸಿಡಿಯುವಂಥ ತಲೆನೋವು, ಸೊಂಟ ಮತ್ತು ಕಾಲಿನ ಮಾಂಸಖಂಡಗಳಲ್ಲಿ ತಡೆಯಲಾಗದ ನೋವು ಕಾಣಿಸಿಕೊಳ್ಳುತ್ತದೆ. ವಾಂತಿ, ಭೇದಿ, ಕಣ್ಣು ಕೆಂಪಾಗುವುದೂ ಉಂಟು. ಕೆಲವರಿಗೆ ಮುಂದಿನ ದಿನಗಳಲ್ಲಿ ಮೂಗು, ಒಸಡಿನಿಂದ ರಕ್ತ ಬರಬಹುದು, ರಕ್ತದೊತ್ತಡ ಮತ್ತು ಪ್ಲೇಟ್‌ಲೆಟ್ ಇಳಿಯಬಹುದು. ಮೈಕೈ ನೋವು ಕೆಲಸದ ದಣಿವಿನದು ಎಂದುಕೊಂಡು ನಾಲ್ಕು ದಿನ ಮಲಗಿದವರು ಆಸ್ಪತ್ರೆ ತಲುಪುವಾಗ ಸ್ಥಿತಿ ಕೈಮೀರಿರಲೂಬಹುದು. ಉಣ್ಣೆ ಕಚ್ಚಿದ್ದು ಗೊತ್ತೇ ಇಲ್ಲದವರಿಗೂ ಕಾಯಿಲೆ ಬರುತ್ತದೆ, ಹಾಗಾಗಿ ಕಾಡಿಗೆ ಹೋಗಿದ್ದೆ ಎಂಬುದೊಂದೇ ಅನುಮಾನಪಡಲು ಸಾಕು. ಅದನ್ನು ವೈದ್ಯರು ಕೇಳುವ ಮೊದಲೇ ಹೇಳಬೇಕು. ಮೊದಲ ದಿನಗಳಲ್ಲಿ ರಕ್ತದ ಆರ್‌ಟಿ-ಪಿಸಿಆರ್, ನಂತರ ಎಲೈಸಾ ಪರೀಕ್ಷೆಯಿಂದ ರೋಗ ಪತ್ತೆಯಾಗುತ್ತದೆ.

ಮನೆಯಲ್ಲಿ ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಬಾರದು, ರಕ್ತಸ್ರಾವ ಹೆಚ್ಚಾಗಬಹುದು. ಜ್ವರ ಬಿಟ್ಟು ಒಂದೆರಡು ವಾರ ಚೆನ್ನಾಗಿದ್ದ ಕೆಲವರಿಗೆ, ಅಂದರೆ ನೂರರಲ್ಲಿ ಹತ್ತರಿಂದ ಇಪ್ಪತ್ತು ಮಂದಿಗೆ, ಮೂರನೆಯ ವಾರದ ಹೊತ್ತಿಗೆ ಜ್ವರ ಮರುಕಳಿಸುತ್ತದೆ. ಆಗ ಕೈನಡುಕ, ಮಂಕು, ಕಣ್ಣು ಮಂಜಾಗುವುದು ಕಂಡರೆ ತಕ್ಷಣ ಮತ್ತೆ ಆಸ್ಪತ್ರೆಗೆ ಸೇರಬೇಕು.

ಇದಕ್ಕೆ ಲಸಿಕೆ ಇದೆಯಲ್ಲವೇ?

1990ರ ದಶಕದಿಂದ ಮಲೆನಾಡಿನಲ್ಲಿ ಕೊಡುತ್ತಿದ್ದ ಹಳೆಯ ಲಸಿಕೆಯ ಪರಿಣಾಮ ಸಾಕಷ್ಟಿರಲಿಲ್ಲವಾದ್ದರಿಂದ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯ ಕೆಲಸ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೇತೃತ್ವದಲ್ಲಿ ನಡೆದಿದೆ. ವೈರಸ್ಸನ್ನೇ ಕೊಲ್ಲುವ ಔಷಧಿಯೂ ಇಲ್ಲ. ದ್ರವ, ರಕ್ತ, ಆರೈಕೆಯೇ ಚಿಕಿತ್ಸೆ. ಅರವತ್ತು ವರ್ಷಗಳಿಗೂ ಹಳೆಯದಾದ ರೋಗಕ್ಕೆ ಇನ್ನೂ ಇಷ್ಟೇ ಉಪಾಯವಿರುವುದು ನೋವಿನ ಸಂಗತಿ. ಕಾಡಂಚಿನ ಕೂಲಿಕಾರರ ಕಾಯಿಲೆ ಎಂಬ ಕಾರಣಕ್ಕೆ ಇದು ಹಿಂದೆ ಬೀಳಬಾರದು.

ಕಾಡಿಗೆ ಹೋಗುವ ಮೊದಲು ಹಚ್ಚುವ ಎಣ್ಣೆಯಿಂದ ಪ್ರಯೋಜನವಿದೆಯೇ?

ಇದೆ. ಉಣ್ಣೆ ಹತ್ತದಂತೆ ತಡೆಯುವ, ಮೊದಲು ಡಿಎಂಪಿ ತೈಲ, ಈಗ ಡೇಪಾ ತೈಲವನ್ನು ರೋಗವಿರುವ ಊರುಗಳಲ್ಲಿ ಆರೋಗ್ಯ ಸಿಬ್ಬಂದಿ ಮತ್ತು ಆಶಾ ಕಾರ್ಯಕರ್ತೆಯರು ಹಂಚುತ್ತಾರೆ. ಕಣ್ಣು, ಬಾಯಿ, ಗಾಯಗಳನ್ನು ಬಿಟ್ಟು ಕೈ, ಕಾಲು, ಕತ್ತಿಗೆ ಹಚ್ಚಿಕೊಳ್ಳಬೇಕು. ಬುತ್ತಿ ಬಿಚ್ಚುವ ಮೊದಲು ಕೈ ತೊಳೆಯಬೇಕು. ಬೆವರಿನಲ್ಲಿ ಅದರ ಶಕ್ತಿ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ತುಂಬುತೋಳಿನ ತಿಳಿಬಣ್ಣದ ಅಂಗಿ ಹಾಕಿ, ಪ್ಯಾಂಟಿನ ತುದಿಯನ್ನು ಕಾಲ್ಚೀಲದೊಳಗೆ ಸೇರಿಸಿದರೆ ಹತ್ತುವ ಉಣ್ಣೆ ಬಟ್ಟೆಯ ಹೊರಗೇ ಕಣ್ಣಿಗೆ ಬೀಳುತ್ತದೆ.

ಕಾಡಿಗೇ ಹೋಗದವರಿಗೂ ಉಣ್ಣೆ ಹತ್ತುವುದು ಹೇಗೆ?

ಮೇಯಲು ಹೋದ ದನಗಳು ಅದನ್ನು ಕೊಟ್ಟಿಗೆಗೆ ತರುತ್ತವೆ. ದನಕ್ಕೆ ಈ ಕಾಯಿಲೆ ಬರುವುದಿಲ್ಲವಾದರೂ ಬೆಳೆದ ಉಣ್ಣೆಗಳು ಅದರ ರಕ್ತ ಕುಡಿದೇ ಸಾವಿರಾರು ಮೊಟ್ಟೆ ಇಡುತ್ತವೆ. ಕೊಟ್ಟಿಗೆಗೆ ಹಾಸಲು ತಂದ ದರಗಿನ ರಾಶಿಯನ್ನು ಮನೆಯ ಗೋಡೆಗೆ ತಾಗಿಸಿ ಹಾಕಬಾರದು. ಹಾಲು ಕರೆಯುವವರು, ಸಗಣಿ ಬಾಚುವವರು ಸಂಜೆ ತಮ್ಮ ಮೈಯನ್ನೂ ನೋಡಿಕೊಳ್ಳಬೇಕು. ದನಕ್ಕೆ ಹಾಕುವ ಉಣ್ಣೆನಾಶಕವನ್ನು ಪಶುವೈದ್ಯರನ್ನು ಕೇಳಿಯೇ ಬಳಸಬೇಕು. ಹಾಲಿನಿಂದ ರೋಗ ಬಂದ ಪುರಾವೆ ಇಲ್ಲ. ಒಬ್ಬರಿಂದ ಒಬ್ಬರಿಗೂ ಅದು ಹರಡುವುದಿಲ್ಲ, ಆದ್ದರಿಂದ ರೋಗಿಯನ್ನು ದೂರ ಇಡಬೇಕಾಗಿಲ್ಲ.

ದಾರಿಯಲ್ಲಿ ಸತ್ತ ಮಂಗ ಕಂಡರೆ?

ಹತ್ತಿರ ಹೋಗಬಾರದು, ಮುಟ್ಟಬಾರದು. ಮಂಗ ಸತ್ತು ಮೈ ತಣ್ಣಗಾದೊಡನೆ ಅದರ ಮೇಲಿದ್ದ ಉಣ್ಣೆಗಳು ಸುತ್ತಲಿನ ನೆಲಕ್ಕೆ ಇಳಿದು ಮುಂದಿನ ಆಸರೆಗಾಗಿ ಕಾಯುತ್ತವೆ. ಗ್ರಾಮ ಪಂಚಾಯಿತಿ, ಆರೋಗ್ಯ ಕೇಂದ್ರ ಅಥವಾ ಅರಣ್ಯ ಸಿಬ್ಬಂದಿಗೆ ತಿಳಿಸಿದರೆ ಆ ಜಾಗಕ್ಕೆ ಮೆಲಾಥಿಯಾನ್ ಪುಡಿ ಹಾಕುತ್ತಾರೆ. ಆ ಹಾದಿಯಲ್ಲಿ ಬಂದವರೆಲ್ಲ ಅಂದೇ ಮೈ ತಪಾಸಣೆ ಮಾಡಿಕೊಳ್ಳಬೇಕು. ಕಾಯಿಲೆ ತರುತ್ತವೆಂದು ಮಂಗಗಳನ್ನು ಕೊಲ್ಲುವುದು ತಪ್ಪು. ಅವೂ ನಮ್ಮಂತೆಯೇ ಈ ರೋಗಕ್ಕೆ ಬಲಿಯಾಗುವ ಜೀವಿಗಳು.

ನಾವು ವಿದೇಶದಲ್ಲಿದ್ದೇವೆ. ರಜೆಗೆ ಊರಿಗೆ ಬರುವಾಗ ಏನು ಗಮನಿಸಬೇಕು?

ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿರುವ ಕನ್ನಡಿಗರಿಗೆ ಲೈಮ್ ಕಾಯಿಲೆಯ ಪರಿಚಯ ಇದ್ದೇ ಇರುತ್ತದೆ. ಅಲ್ಲಿ ಕಚ್ಚಿದ ಜಾಗದ ಸುತ್ತ ಹರಡುವ ಕೆಂಪು ವೃತ್ತವನ್ನು ನೋಡಿ ಎಚ್ಚೆತ್ತುಕೊಳ್ಳುವ ಅಭ್ಯಾಸವಾಗಿರುತ್ತದೆ, ಡಾಕ್ಸಿಸೈಕ್ಲಿನ್ ಎಂಬ ಔಷಧಿಯೂ ಕೆಲಸ ಮಾಡುತ್ತದೆ. ಮಂಗನ ಕಾಯಿಲೆಯಲ್ಲಿ ಅಂಥ ವೃತ್ತ ಮೂಡುವುದಿಲ್ಲ, ಆ ಔಷಧಿ ಅದಕ್ಕೆ ನಾಟುವುದೂ ಇಲ್ಲ. ಡಿಸೆಂಬರ್ ರಜೆಗೆ ಸಾಗರ, ಸಿದ್ದಾಪುರ, ತೀರ್ಥಹಳ್ಳಿ ಕಡೆಯ ಮನೆಗೆ ಬಂದು, ತೋಟ ಬೆಟ್ಟ ಸುತ್ತಿ, ವಿಮಾನ ಹತ್ತಿದ ಮೇಲೆ ಜ್ವರ ಬಂದರೆ, ಅಲ್ಲಿನ ವೈದ್ಯರಿಗೆ ಡೆಂಗಿ, ಮಲೇರಿಯಾ ನೆನಪಾಗಬಹುದು; ಕ್ಯಾಸನೂರಿನ ಹೆಸರು ನೆನಪಾಗುವುದು ಕಷ್ಟ. ‘ಕ್ಯಾಸನೂರ್ ಫಾರೆಸ್ಟ್ ಡಿಸೀಸ್ ಇರುವ ಕಾಡಿನಲ್ಲಿ ಇಂಥ ದಿನ ಓಡಾಡಿದ್ದೆ’ ಎಂದು ನೀವೇ ಹೇಳಿ, ಕಾಗದದಲ್ಲಿ ಬರೆದೂ ಕೊಡಿ.